ಸರ್ವಜ್ಞನ ತ್ರಿಪದಿ ಕಲೆಹಾಕಿದ ಪಾದ್ರಿ ಉತ್ತಂಗಿ ಚನ್ನಪ್ಪ

ಪೀಣ್ಯ: ಕಾರ್ಖಾನೆಯ ಪಾಳಿ ಮುಗಿಸಿ ರಾತ್ರಿ ಬರೆಯಲು ಕೂರುವ ಕ್ರೈಸ್ತ ಯುವಕನನ್ನು ಎರಡು ಪ್ರಶ್ನೆಗಳು ಕಾಡುವುದುಂಟು. ದುಡಿಮೆಯ ನಡುವೆ ಬರವಣಿಗೆಗೆ ಬಿಡುವೆಲ್ಲಿ? ಚರ್ಚಿನ ಆವರಣದಾಚೆ ಓದುಗರು ಸಿಗುವರೇ? ಎರಡಕ್ಕೂ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಬದುಕಿನಲ್ಲಿ ಉತ್ತರವಿದೆ.

1881ರಲ್ಲಿ ಧಾರವಾಡದಲ್ಲಿ ಜನಿಸಿದ ಚನ್ನಪ್ಪನವರು ಮಂಗಳೂರಿನ ಬಾಸೆಲ್ ಮಿಷನ್ ಸಂಸ್ಥೆಯಲ್ಲಿ ದೈವಶಾಸ್ತ್ರ ಕಲಿತು, ಉತ್ತರ ಕರ್ನಾಟಕದಲ್ಲಿ ಪಾದ್ರಿಯಾಗಿ ಸೇವೆ ಸಲ್ಲಿಸಿದರು. ಸಭಾಪಾಲನೆಯೇ ಅವರ ವೃತ್ತಿ. ಸಾಹಿತ್ಯಕ್ಕೆ ದೊರೆತದ್ದು ಉಳಿದ ಹೊತ್ತು ಮಾತ್ರ. ಆ ಹೊತ್ತನ್ನು ಅವರು ಸರ್ವಜ್ಞನಿಗೆ ಮೀಸಲಿಟ್ಟರು. ಜನರ ನಾಲಿಗೆಯ ಮೇಲಿದ್ದ, ಹಸ್ತಪ್ರತಿಗಳಲ್ಲಿ ಚದುರಿಹೋಗಿದ್ದ ತ್ರಿಪದಿಗಳನ್ನು ವರ್ಷಗಟ್ಟಲೆ ಕಲೆಹಾಕಿ, ಪರಿಷ್ಕರಿಸಿ, 1924ರಲ್ಲಿ ಗ್ರಂಥರೂಪಕ್ಕೆ ತಂದರು.

ಕ್ರಿಸ್ತನ ಸಂದೇಶದ ಕುರಿತೂ ಅವರು ಕೃತಿಗಳನ್ನು ರಚಿಸಿದರು. ಅದೇ ಶ್ರದ್ಧೆಯಿಂದ ಶರಣರ ವಚನಗಳನ್ನು ಅಭ್ಯಸಿಸಿ, ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿದರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಈ ಪಾದ್ರಿಗೆ ಸಂದಿತು. 1962ರಲ್ಲಿ ಅವರು ನಿಧನರಾದರು.

ಹೊಸ ಬರಹಗಾರರು ಇಲ್ಲಿಂದ ಪಡೆಯಬಹುದಾದ ಪಾಠಗಳು ಸರಳ. ಅನ್ನ ನೀಡುವ ಕೆಲಸವನ್ನು ಅವಸರದಲ್ಲಿ ತೊರೆಯಬೇಕಿಲ್ಲ. ಹತ್ತು ವಿಷಯಗಳ ಹಿಂದೆ ಓಡುವ ಬದಲು ಒಂದನ್ನು ಹಿಡಿದು ವರ್ಷಗಳ ಕಾಲ ದುಡಿಯಬೇಕು. ಅಚ್ಚಿಗೆ ಕೊಡುವ ಮುನ್ನ ಪ್ರತಿ ಸಾಲನ್ನೂ ಪರಿಶೀಲಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನಾಡಿನ ಪರಂಪರೆಯನ್ನು ತನ್ನದೆಂದು ಓದಬೇಕು. ಚನ್ನಪ್ಪನವರು ತಮ್ಮ ನಂಬಿಕೆಯನ್ನು ಮರೆಮಾಚಲಿಲ್ಲ. ಆದರೂ ಇಡೀ ಕನ್ನಡ ನಾಡಿಗೆ ಬೇಕಾದುದನ್ನು ಕೊಟ್ಟರು. ನಾಡು ಅವರನ್ನು ತನ್ನವರೆಂದು ಬರಮಾಡಿಕೊಂಡಿತು.