ಮಕ್ಕಳಿಗೆ ಕನ್ನಡವನ್ನು ಹಾಡಾಗಿಸಿದ ಪಂಜೆ ಮಂಗೇಶರಾಯರು

ನಾಗರಹಾವಿನ ಮೇಲಿನ ಪುಟ್ಟ ಪದ್ಯವೊಂದನ್ನು ಕನ್ನಡ ಶಾಲೆಯಲ್ಲಿ ನೀವೂ ಹಾಡಿರಬಹುದು. ಅದನ್ನು ಬರೆದವರು ಪಂಜೆ ಮಂಗೇಶರಾಯರು. ಅವರ ಮನೆಮಾತು ಕನ್ನಡವಾಗಿರಲಿಲ್ಲ ಎಂಬುದು ನಿಮಗೆ ಗೊತ್ತೇ?

ಪಂಜೆಯವರು 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಮೂರೂ ಭಾಷೆಗಳ ನಡುವೆ ಬೆಳೆದ ಈ ಹುಡುಗ ಬಡತನದಲ್ಲಿಯೇ ಓದಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರಾದರು. ಮುಂದೆ ಶಾಲಾ ಇನ್ಸ್‌ಪೆಕ್ಟರ್ ಆಗಿ, ಮಡಿಕೇರಿಯ ಹೈಸ್ಕೂಲಿನಲ್ಲಿ ಮುಖ್ಯೋಪಾಧ್ಯಾಯರಾಗಿ ಸೇವೆ ಸಲ್ಲಿಸಿದರು.

ಆ ಕಾಲದ ಶಾಲೆಗಳಲ್ಲಿ ಬಾಯಿಪಾಠ ಮತ್ತು ಬೆತ್ತ ಇವೇ ಪ್ರಧಾನವಾಗಿದ್ದವು. ಹಳೆಗನ್ನಡದ ಕಠಿಣ ಪದ್ಯಗಳು ಎಳೆಯ ನಾಲಿಗೆಗೆ ಭಾರವಾಗಿದ್ದವು. ಪಂಜೆಯವರು ಬೇರೆ ದಾರಿ ಹಿಡಿದರು. 'ಕವಿಶಿಷ್ಯ' ಎಂಬ ಹೆಸರಿನಲ್ಲಿ ಚಿಕ್ಕ ಮಾತುಗಳ, ತಾಳಕ್ಕೆ ಕುಣಿಯುವ ಪದ್ಯಗಳನ್ನು ಬರೆದರು, ಕಥೆಗಳನ್ನು ಹೇಳಿದರು. ಮಂಗಳೂರಿನಲ್ಲಿ 1921ರಲ್ಲಿ ಬಾಲ ಸಾಹಿತ್ಯ ಮಂಡಲವನ್ನು ಕಟ್ಟಿದರು.

ಆ ಹಾವಿನ ಪದ್ಯವನ್ನೇ ನೋಡಿ. ಪ್ರತಿ ನುಡಿಯ ಕೊನೆಗೆ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಮಾತು ಕಲಿಯುವ ಮಗುವಿಗೆ ಇಂಥ ಪುನರಾವರ್ತನೆ ಬಹಳ ಇಷ್ಟ. ಅದರಿಂದಲೇ ಶಬ್ದಗಳ ವ್ಯತ್ಯಾಸ ಅದರ ಕಿವಿಗೆ ತಿಳಿಯುತ್ತದೆ. ಮಗು ಹಾವನ್ನು ಕರೆಯುತ್ತದೆ, ಮಾತನಾಡಿಸುತ್ತದೆ, ಕೊನೆಗೆ ಹೋಗೆಂದು ಕಳಿಸುತ್ತದೆ. ಹೆದರಿಕೆ ಆಟವಾಗುತ್ತದೆ. ಭಾಷೆ, ಬುದ್ಧಿ, ಭಾವನೆ ಮೂರೂ ಒಟ್ಟಿಗೆ ಬೆಳೆಯುವುದು ಹೀಗೆ.

1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರು ಅಧ್ಯಕ್ಷರಾದರು. 1937ರಲ್ಲಿ ಹೈದರಾಬಾದಿನಲ್ಲಿ ತೀರಿಕೊಂಡರು.

ಈ ಜೀವನ ನಮಗೇಕೆ ಮುಖ್ಯ? ನವಲಗುಂದದ ನಮ್ಮ ಅನೇಕ ಮನೆಗಳಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ಎರಡು ಭಾಷೆ ಕೇಳಿದರೆ ಮಗುವಿಗೆ ಗೊಂದಲವಾದೀತು, ಮಾತು ತಡವಾದೀತು ಎಂದು ಕೆಲವು ತಾಯ್ತಂದೆಯರು ಹೆದರುತ್ತಾರೆ. ಶಾಲೆಗೆ ಸೇರಿಸುವ ಮೊದಲೇ ಮನೆಮಾತನ್ನು ಬಿಡಿಸಿ ಇಂಗ್ಲಿಷ್ ಹೇರುವವರೂ ಉಂಟು. ಇಂದಿನ ಸಂಶೋಧನೆಗಳು ಈ ಹೆದರಿಕೆಗೆ ಆಧಾರವಿಲ್ಲವೆನ್ನುತ್ತವೆ. ಎರಡು ಭಾಷೆ ಕೇಳುವ ಮಗುವೂ ಸುಮಾರು ಒಂದು ವರ್ಷಕ್ಕೆ ಮೊದಲ ಮಾತಾಡುತ್ತದೆ, ಎರಡರ ಹೊತ್ತಿಗೆ ಎರಡು ಪದ ಕೂಡಿಸುತ್ತದೆ. ನಡುವೆ ಭಾಷೆಗಳನ್ನು ಬೆರೆಸಿದರೆ ಅದು ದೋಷವಲ್ಲ, ಕಲಿಕೆಯ ಸಹಜ ಹಂತ. ಎರಡೂ ಭಾಷೆ ಸೇರಿಸಿ ಎಣಿಸಿದಾಗಲೂ ಮಾತು ಹಿಂದುಳಿದಿದ್ದರೆ ವೈದ್ಯರಿಗೆ ತೋರಿಸಬೇಕು.

ಮಗುವಿಗೆ ಬೇಕಾದದ್ದು ಅದರ ಜೊತೆ ಮಾತನಾಡುವ ಜನ. ಜಮಖಾನೆಯ ಮಗ್ಗದ ಮುಂದೆ ಕುಳಿತ ತಾಯಿ ನೂಲಿನ ಬಣ್ಣಗಳ ಹೆಸರು ಹೇಳಿದರೆ, ಎಳೆ ಎಣಿಸಿ ತೋರಿಸಿದರೆ ಅದೂ ಪಾಠವೇ. ಅಕ್ಕ, ಅಣ್ಣಂದಿರಾದ ನೀವು ಪ್ರತಿದಿನ ಹತ್ತು ನಿಮಿಷ ಮನೆಯ ಚಿಕ್ಕವರಿಗೆ ಒಂದು ಕಥೆ ಹೇಳಿ, ಒಂದು ಹಾಡು ಕಲಿಸಿ. ಉರ್ದುವಿನಲ್ಲೂ ಆಗಲಿ, ಕನ್ನಡದಲ್ಲೂ ಆಗಲಿ.