ಬಿಲ್‌ರೋಟ್ ಹೆಸರಿಟ್ಟ ಗಂಟು

ನಮ್ಮ ಕಡೆ ಕಿವಿ ಕೆಳಗೆ ಊದಿದರೆ ಎಲ್ಲರೂ ಹೇಳುವುದು ಒಂದೇ ಮಾತು, ಮಂಗನಬಾವು. ಮಳವಳ್ಳಿ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ತಾತನಿಗೂ ಊರವರು ಮೊದಲು ಹಾಗೇ ಹೇಳಿದ್ದರು. ಆದರೆ ಮಂಗನಬಾವು ಬಂದರೆ ಜ್ವರ ಬರುತ್ತೆ, ವಾರ ಹತ್ತು ದಿನದಲ್ಲಿ ಇಳಿದೂ ಹೋಗುತ್ತೆ. ತಾತನ ಗಂಟಿಗೆ ಜ್ವರವೂ ಇಲ್ಲ, ಇಳಿಯೋದೂ ಇಲ್ಲ. ಹುಣಸೆಬೀಜದಷ್ಟು ಇದ್ದದ್ದು ಎರಡು ವರ್ಷದಲ್ಲಿ ನಿಂಬೆಹಣ್ಣಿನಷ್ಟಾಯ್ತು. ನೋವಿಲ್ಲವಲ್ಲ, ಕಬ್ಬು ಕಟಾವು ಮುಗೀಲಿ ಅಂತ ತಾತ ಮುಂದಕ್ಕೆ ಹಾಕುತ್ತಲೇ ಬಂದರು.

ಕೊನೆಗೆ ಮಂಡ್ಯದಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಲಾಲಾರಸ ಗ್ರಂಥಿಯ ಗಡ್ಡೆ ಅನ್ನೋದು ತಿಳಿಯಿತು, ಯಾವ ಜಾತಿಯದು ಅಂತ ಸೂಜಿಯಲ್ಲಿ ಬಂದ ಅಷ್ಟು ಜೀವಕೋಶದಿಂದ ಹೇಳಲು ಆಗಲಿಲ್ಲ. ಮಳವಳ್ಳಿಯಿಂದ ಬಸ್ಸಲ್ಲಿ ಮದ್ದೂರಿನ ನಮ್ಮ ಮನೆಗೆ, ಅಲ್ಲಿಂದ ಟ್ರೈನಲ್ಲಿ ಬೆಂಗಳೂರಿಗೆ ತಾತನ ಓಡಾಟ ಶುರುವಾಯ್ತು. ಬಯಾಪ್ಸಿ ರಿಪೋರ್ಟ್ ಬಂದಾಗ ಅದರಲ್ಲಿ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ ಅಂತ ಬರೆದಿತ್ತು. ಇಂಗ್ಲಿಷ್ ಮೀಡಿಯಂ ಓದಿದವರು ಅಂತ ಅರ್ಥ ಹೇಳೋ ಕೆಲಸ ನಮ್ಮ ತಲೆಗೆ ಬಂತು. ಹುಡುಕುತ್ತಾ ಹೋದರೆ ಈ ಕಾಯಿಲೆಯ ಹಳೇ ಹೆಸರು ಸಿಲಿಂಡ್ರೋಮ. ಸಿಲಿಂಡರ್ ಅಂದರೆ ಎಂಜಿನಿಯರಿಂಗ್‌ನವರ ಕಿವಿ ನೆಟ್ಟಗಾಗುತ್ತೆ ಅಲ್ವಾ? ಆ ಹೆಸರನ್ನು 1859ರಲ್ಲಿ ಇಟ್ಟವರು ಥಿಯೋಡೋರ್ ಬಿಲ್‌ರೋಟ್. ಮೆಡಿಕಲ್ ಓದುವವರಿಗೆ ಈ ಹೆಸರು ಹೊಟ್ಟೆಯ ಆಪರೇಷನ್‌ನಿಂದ ಗೊತ್ತು. ನಮಗೆ ಗೊತ್ತಾದದ್ದು ತಾತನ ಕಿವಿ ಕೆಳಗಿನ ಗಂಟಿನಿಂದ.

ಬಿಲ್‌ರೋಟ್ ಹುಟ್ಟಿದ್ದು 1829ರ ಏಪ್ರಿಲ್ 26ರಂದು, ಬಾಲ್ಟಿಕ್ ಸಮುದ್ರದ ರ್‍ಯೂಗನ್ ದ್ವೀಪದ ಬೆರ್ಗನ್ ಎಂಬ ಊರಲ್ಲಿ. ಅಪ್ಪ ಪಾದ್ರಿ, ಮಗನಿಗೆ ಐದು ವರ್ಷವಾಗಿದ್ದಾಗಲೇ ತೀರಿಕೊಂಡರು. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಗ್ರೈಫ್ಸ್‌ವಾಲ್ಡ್ ಊರಿಗೆ ಬಂದರು. ಹುಡುಗ ಓದಿನಲ್ಲಿ ಅಷ್ಟಕ್ಕಷ್ಟೇ. ಅವನಿಗೆ ಬೇಕಿದ್ದದ್ದು ಪಿಯಾನೋ. ಸಂಗೀತದಲ್ಲಿ ಹೊಟ್ಟೆ ತುಂಬುತ್ತಾ ಅಂತ ಮನೆಯವರು ಮೆಡಿಕಲ್‌ಗೆ ಸೇರಿಸಿದರು. ನಮ್ಮ ಕ್ಲಾಸಿನ ಅರ್ಧ ಜನರ ಕತೆಯೂ ಇದೇ, ಇರಲಿ ಬಿಡಿ. ಮೊದಲ ಸೆಮಿಸ್ಟರ್ ಪೂರ್ತಿ ಸಂಗೀತದಲ್ಲೇ ಕಳೆದುಹೋಯ್ತಂತೆ. ಆಮೇಲೆ ಬೌಮ್ ಎಂಬ ಪ್ರೊಫೆಸರ್ ಹಿಂದೆಯೇ ಗ್ಯೋಟಿಂಗನ್‌ಗೆ ಹೋದರು. ಅಲ್ಲಿ ಮೈಕ್ರೋಸ್ಕೋಪ್ ಸಿಕ್ಕಿತು, ಅಲ್ಲಿಂದ ಈ ವಿದ್ಯಾರ್ಥಿ ಬೇರೆಯೇ ಮನುಷ್ಯ.

1852ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರ್ ಆಗಿ ಬೋರ್ಡ್ ಹಾಕಿಕೊಂಡು ಕೂತರು. ಎರಡು ತಿಂಗಳು ಒಬ್ಬ ಪೇಷೆಂಟೂ ಬರಲಿಲ್ಲ. ಕ್ಲಿನಿಕ್ ಮುಚ್ಚಿ ಲಾಂಗನ್‌ಬೆಕ್ ಎಂಬ ದೊಡ್ಡ ಸರ್ಜನ್ ಹತ್ತಿರ ಅಸಿಸ್ಟೆಂಟ್ ಆಗಿ ಸೇರಿಕೊಂಡರು. ಆಗಿನ ಕಾಲಕ್ಕೆ ಸರ್ಜನ್ ಎಂದರೆ ಕೈ ಚುರುಕಾಗಿರುವವರು, ಅಷ್ಟೇ. ಕೊಯ್ದು ತೆಗೆದ ಗಡ್ಡೆ ಬಕೆಟ್‌ಗೆ ಹೋಗುತ್ತಿತ್ತು. ಬಿಲ್‌ರೋಟ್ ಅದನ್ನು ತೆಳ್ಳಗೆ ಹೆರೆದು ಮೈಕ್ರೋಸ್ಕೋಪ್ ಕೆಳಗೆ ಇಡುತ್ತಿದ್ದರು. ಈ ಹುಚ್ಚು ಎಷ್ಟಿತ್ತೆಂದರೆ 1856ರಲ್ಲಿ ಬರ್ಲಿನ್‌ನ ಪೆಥಾಲಜಿ ಪ್ರೊಫೆಸರ್ ಹುದ್ದೆಗೆ ಅವರ ಹೆಸರೂ ಇತ್ತು. ಹುದ್ದೆ ಸಿಕ್ಕಿದ್ದು ರುಡಾಲ್ಫ್ ವಿರ್ಖೋವ್ ಅವರಿಗೆ, ರೋಗ ಇರುವುದು ಜೀವಕೋಶದಲ್ಲಿ ಎಂದು ಜಗತ್ತಿಗೆ ತೋರಿಸಿದವರಿಗೆ. ಸೋತದ್ದಾದರೂ ಯಾರ ಎದುರು ನೋಡಿ!

ಸಿಲಿಂಡ್ರೋಮ ಆ ಬರ್ಲಿನ್ ದಿನಗಳ ಕೆಲಸ. ಗಡ್ಡೆಯ ಒಳಗೆ ಗಾಜಿನಂತೆ ಹೊಳೆಯುವ ಉರುಳೆಗಳು, ಅವುಗಳ ಸುತ್ತ ಒತ್ತೊತ್ತಾಗಿ ಜೀವಕೋಶಗಳು. ಉರುಳೆಗಳನ್ನು ನೋಡಿ ಆ ಹೆಸರು. ಫ್ರಾನ್ಸಿನವರು ಐದಾರು ವರ್ಷ ಮುಂಚೆಯೇ ಇಂಥ ಗಡ್ಡೆಯನ್ನು ವಿವರಿಸಿದ್ದರು, ಆದರೆ ನಿಂತದ್ದು ಬಿಲ್‌ರೋಟ್ ಇಟ್ಟ ಹೆಸರು. ತಾತನ ಸ್ಲೈಡ್ ಚಿತ್ರವನ್ನು ನಾವೂ ನೋಡಿದೆವು. ಅಡ್ಡಕ್ಕೆ ಕೊಯ್ದರೆ ಅದೇ ಉರುಳೆಗಳು ತೂತಿನ ಹಾಗೆ ಕಾಣುತ್ತವೆ, ಸೆಟ್ ದೋಸೆ ಮೇಲಿನ ತೂತಿನ ಹಾಗೆ.

ಹೆಸರಿನಿಂದ ಏನಾಗುತ್ತೆ, ಕ್ಯಾನ್ಸರ್ ಕ್ಯಾನ್ಸರೇ ಅಲ್ವಾ ಅಂತ ಮನೆಯಲ್ಲಿ ಕೇಳಿದರು. ನಾವೂ ಹಾಗೇ ಅಂದುಕೊಂಡಿದ್ದೆವು. ಬಾಯಿಗೆ ಜೊಲ್ಲು ಸುರಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ, ಚಿಕ್ಕವು ನೂರಾರು. ಇವುಗಳಲ್ಲಿ ಬರುವ ಕ್ಯಾನ್ಸರ್ ತೀರಾ ಅಪರೂಪ, ಆದರೆ ಇಪ್ಪತ್ತಕ್ಕೂ ಹೆಚ್ಚು ಜಾತಿ. ನೋಡಲು ಒಂದರಂತೆ ಇನ್ನೊಂದು, ನಡತೆ ಮಾತ್ರ ಬೇರೆ. ತಾತನಿಗೆ ಬಂದದ್ದು ನಿಧಾನವಾಗಿ ಬೆಳೆಯುತ್ತೆ, ಆದರೆ ನರದ ಗುಂಟ ತೆವಳಿಕೊಂಡು ಹೋಗುತ್ತೆ, ಹತ್ತು ವರ್ಷ ಬಿಟ್ಟು ಶ್ವಾಸಕೋಶದಲ್ಲಿ ಕಾಣಿಸಿಕೊಂಡದ್ದೂ ಉಂಟು. ಮುಖದ ನರ ಆ ಗ್ರಂಥಿಯ ನಡುವೆಯೇ ಹಾದು ಹೋಗುವುದರಿಂದ ಎಷ್ಟು ಕೊಯ್ಯಬೇಕು, ಆಮೇಲೆ ರೇಡಿಯೇಷನ್ ಕೊಡಬೇಕಾ, ಎಷ್ಟು ವರ್ಷ ಕಾಯಬೇಕು, ಎಲ್ಲವೂ ಆ ಒಂದು ಹೆಸರಿನ ಮೇಲೆ ನಿಂತಿದೆ.

ಕಣ್ಣಿಗೆ ಕಂಡದ್ದು ಸಾಲದೇ ಹೋದಾಗ ಜೀನ್ ನೋಡುತ್ತಾರೆ. ಬಯಾಪ್ಸಿಯ ತುಂಡನ್ನು ಮೇಣದಲ್ಲಿ ಕೂರಿಸಿ ಬ್ಲಾಕ್ ಮಾಡಿ ಇಟ್ಟಿರುತ್ತಾರೆ, ಅದರಿಂದಲೇ ಇನ್ನೊಂದು ಪದರ ತೆಗೆದು ಪರೀಕ್ಷೆ. ಈ ಕ್ಯಾನ್ಸರ್‌ನಲ್ಲಿ ಆರನೇ ಕ್ರೋಮೋಸೋಮ್‌ನ ಎಂವೈಬಿ ಜೀನ್ ತುಂಡಾಗಿ ಒಂಬತ್ತನೆಯದರ ಎನ್‌ಎಫ್‌ಐಬಿಗೆ ಅಂಟಿಕೊಂಡಿರುತ್ತೆ ಎಂದು 2009ರಲ್ಲಿ ಸ್ವೀಡನ್ನಿನವರು ತೋರಿಸಿದರು. ಎಲ್ಲರಲ್ಲೂ ಅಲ್ಲ, ಬಹಳಷ್ಟು ಜನರಲ್ಲಿ. ಹಾಗಾಗಿ ಅದು ಸಿಕ್ಕರೆ ಗಟ್ಟಿ ಸಾಕ್ಷಿ, ಸಿಗದಿದ್ದರೆ ಮತ್ತೆ ಸ್ಲೈಡೇ ಗತಿ. ತಾತನ ಬ್ಲಾಕಿನಲ್ಲಿ ಸಿಕ್ಕಿತು. ಬಿಲ್‌ರೋಟ್ ಆ ಉರುಳೆಗಳನ್ನು ನೋಡುವಾಗ ಡಿಎನ್‌ಎ ಎಂಬ ವಸ್ತುವನ್ನು ಇನ್ನೂ ಯಾರೂ ಬೇರ್ಪಡಿಸಿರಲಿಲ್ಲ, ಅದಾದದ್ದು 1869ರಲ್ಲಿ. 150 ವರ್ಷದ ನಂತರದ ಜೀನ್ ಪರೀಕ್ಷೆ, ಅವರು ಬೇರೆಯಾಗಿ ಎತ್ತಿಟ್ಟ ಗಡ್ಡೆ ನಿಜಕ್ಕೂ ಬೇರೆಯೇ ಅಂತ ಹೇಳಿತು.

ಇದರ ಪಕ್ಕದ ಜಾತಿಯೊಂದರ ಕತೆ ಇನ್ನೂ ಜೋರು. ಸೆಕ್ರೆಟರಿ ಕಾರ್ಸಿನೋಮ ಎಂಬುದನ್ನು 2010ರವರೆಗೆ ಬೇರೆ ಹೆಸರಿನ ಚೀಲಕ್ಕೆ ತುಂಬುತ್ತಿದ್ದರು. ಜೀನ್ ನೋಡಿದ ಮೇಲೆ ಇದರ ಜಾತಿಯೇ ಬೇರೆ ಅಂತ ಗೊತ್ತಾಯ್ತು. ಅದರಲ್ಲಿ ಇರುವ ಎನ್‌ಟಿಆರ್‌ಕೆ ಜೋಡಣೆಗೆ ಹೊಡೆಯುವ ಲಾರೊಟ್ರೆಕ್ಟಿನಿಬ್ ಎಂಬ ಔಷಧಿ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ತಾತನ ಕಾಯಿಲೆಗೆ ಅಂಥ ಔಷಧಿ ಇಲ್ಲ. ಅದನ್ನೂ ಮನೆಯಲ್ಲಿ ಹೇಳಬೇಕಾಯ್ತು.

ಮತ್ತೆ ಬಿಲ್‌ರೋಟ್ ಹತ್ತಿರ ಬರೋಣ. 1860ರಲ್ಲಿ ಜ್ಯೂರಿಚ್‌ನಲ್ಲಿ ಪ್ರೊಫೆಸರ್ ಆದರು. ಅಲ್ಲಿ ಅವರು ಮಾಡಿದ ಒಂದು ಕೆಲಸ ನಮಗೆ ಹೊಟ್ಟೆಯ ಆಪರೇಷನ್‌ಗಿಂತ ದೊಡ್ಡದು ಅನ್ನಿಸುತ್ತೆ. ತಮ್ಮ ಆಪರೇಷನ್‌ಗಳ ಪೂರ್ತಿ ಲೆಕ್ಕವನ್ನು, ಸತ್ತವರನ್ನೂ ಸೇರಿಸಿ, ಅಚ್ಚು ಹಾಕಿಸಿದರು. ಆಗ ಸರ್ಜನ್‌ಗಳು ಗೆದ್ದದ್ದನ್ನು ಮಾತ್ರ ಬರೆಯುತ್ತಿದ್ದ ಕಾಲ. ಲ್ಯಾಬಿನಲ್ಲಿ ಗ್ರಾಫ್ ನೆಟ್ಟಗೆ ಬರಲಿ ಅಂತ ರೀಡಿಂಗ್ ಹೊಂದಿಸಿ ರೆಕಾರ್ಡ್ ಬರೆದ ನಮಗೆ ಇದನ್ನು ಓದುವಾಗ ಸ್ವಲ್ಪ ಮುಜುಗರ ಆಯ್ತು.

1867ರಲ್ಲಿ ವಿಯೆನ್ನಾಗೆ ಹೋದರು, ಕೊನೆವರೆಗೂ ಅಲ್ಲೇ. 1873ರ ಕೊನೆಯ ದಿನ ಕ್ಯಾನ್ಸರ್ ಬಂದಿದ್ದ ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. 1881ರ ಜನವರಿ 29ರಂದು ತೆರೇಸ್ ಹೆಲ್ಲರ್ ಎಂಬ 43 ವರ್ಷದ ಹೆಂಗಸಿನ ಜಠರದ ಕ್ಯಾನ್ಸರ್ ಭಾಗವನ್ನು ಕೊಯ್ದು ಉಳಿದದ್ದನ್ನು ಕರುಳಿಗೆ ಹೊಲಿದರು. ಅದಕ್ಕೂ ಮುಂಚೆ ಇಬ್ಬರು ಸರ್ಜನ್‌ಗಳು ಮಾಡಿದ ಪ್ರಯತ್ನದಲ್ಲಿ ಪೇಷೆಂಟ್‌ಗಳು ಉಳಿದಿರಲಿಲ್ಲ. ಈಕೆ ಚೇತರಿಸಿಕೊಂಡು ಮನೆಗೆ ಹೋದರು, ಸುಮಾರು ನಾಲ್ಕು ತಿಂಗಳ ನಂತರ ಕ್ಯಾನ್ಸರ್ ಮರಳಿ ಬಂದು ತೀರಿಕೊಂಡರು. ಪುಸ್ತಕಗಳಲ್ಲಿ ಇದನ್ನು ಗೆಲುವು ಎಂದೇ ಬರೆದಿರುತ್ತೆ. ಆಕೆಯ ಮನೆಯವರು ಏನೆಂದುಕೊಂಡರೋ.

ಪಿಯಾನೋ ಹುಡುಗ ಎಲ್ಲೂ ಹೋಗಿರಲಿಲ್ಲ. ಬ್ರಾಮ್ಸ್ ಅವರ ಗೆಳೆಯ, ಬ್ರಾಮ್ಸ್ ತಮ್ಮ ಎರಡು ಸ್ಟ್ರಿಂಗ್ ಕ್ವಾರ್ಟೆಟ್‌ಗಳನ್ನು ಅವರಿಗೆ ಅರ್ಪಿಸಿದ್ದಾರೆ. ಎಲ್ಲವೂ ಹೊಗಳುವಂಥದ್ದಲ್ಲ. 1876ರ ಪುಸ್ತಕದಲ್ಲಿ ಯಹೂದಿ ವಿದ್ಯಾರ್ಥಿಗಳ ಬಗ್ಗೆ ಬಹಳ ಕೆಟ್ಟದಾಗಿ ಬರೆದರು, ವಿಶ್ವವಿದ್ಯಾಲಯದಲ್ಲಿ ಗಲಾಟೆಯೇ ಆಯ್ತು. ವಯಸ್ಸಾದ ಮೇಲೆ ಯಹೂದಿ ದ್ವೇಷದ ವಿರುದ್ಧದ ಸಂಘಕ್ಕೆ ತಾವೇ ಸೇರಿದರು. ಮೊದಲು ಬರೆದದ್ದು ಅದರಿಂದ ಅಳಿಸಿಹೋಗಲ್ಲ. 1887ರಲ್ಲಿ ನ್ಯುಮೋನಿಯಾದಿಂದ ಸಾವಿನ ಹತ್ತಿರ ಹೋಗಿ ಬಂದರು, ಆಮೇಲೆ ಹೃದಯ ಸೋಲುತ್ತಾ ಬಂತು. 1894ರ ಫೆಬ್ರವರಿ 6ರಂದು ಏಡ್ರಿಯಾಟಿಕ್ ತೀರದ ಅಬ್ಬಾಟ್ಸಿಯಾದಲ್ಲಿ ತೀರಿಕೊಂಡರು.

ತಾತನಿಗೆ ಆಪರೇಷನ್ ಆಗಿ, ರೇಡಿಯೇಷನ್ನೂ ಮುಗಿದಿದೆ. ಎಡಗಣ್ಣು ಪೂರ್ತಿ ಮುಚ್ಚಲು ಇನ್ನೂ ಬರಲ್ಲ, ರಾತ್ರಿ ಡ್ರಾಪ್ಸ್ ಹಾಕಿ ಮಲಗುತ್ತಾರೆ. ಸ್ಲೈಡು, ಬ್ಲಾಕು, ರಿಪೋರ್ಟು ಎಲ್ಲವನ್ನೂ ಜವಳಿ ಅಂಗಡಿಯ ಕವರಲ್ಲಿ ಕಟ್ಟಿ ಬೀರುವಿನಲ್ಲಿ ಪಹಣಿ ಪತ್ರದ ಜೊತೆ ಇಟ್ಟಿದ್ದಾರೆ. ಮೇಣ ಕರಗೀತು, ಬಿಸಿಲಲ್ಲಿ ಇಡಬೇಡಿ ಅಂತ ಹೇಳಿದ್ದೇವೆ. ಮುಂದಿನ ಸ್ಕ್ಯಾನ್ ಯುಗಾದಿ ಕಳೆದ ಮೇಲೆ, ಮದ್ದೂರಿಂದ ಬೆಳಗಿನ ಟ್ರೈನಿಗೆ.