ಬರಿಗಾಲಿನ ಫುಲ್‌ಬ್ಯಾಕ್ ಶೈಲೇನ್ ಮನ್ನಾ

ಶಾಲೆಯ ಅಂಗಳದಲ್ಲಿ ಕಾಲ್ಚೆಂಡಾಟ ನಡೆಯುವಾಗ ಪ್ರತಿಯೊಬ್ಬನಿಗೂ ಮುಂದೆ ನಿಂತು ಗೋಲು ಹೊಡೆಯುವ ಆಸೆ. ಹಿಂದೆ ನಿಂತು ಕಾಯುವ ಕೆಲಸ ಯಾರಿಗೂ ಬೇಡ. ಆ ಬೇಡವಾದ ಸ್ಥಳದಲ್ಲಿಯೇ ನಿಂತು ದೇಶಕ್ಕೆಲ್ಲ ಹೆಸರಾದ ಆಟಗಾರರೊಬ್ಬರ ಚರಿತ್ರೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಶೈಲೇನ್ ಮನ್ನಾ ಅವರು ಬಂಗಾಳದ ಹೌರಾದಲ್ಲಿ 1924ರ ಸೆಪ್ಟೆಂಬರ್ 1ರಂದು ಜನಿಸಿದರು. ಕಲ್ಕತ್ತೆಯ ಸುರೇಂದ್ರನಾಥ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. ಹೌರಾ ಯೂನಿಯನ್ ತಂಡದಲ್ಲಿ ಆಟವನ್ನಾರಂಭಿಸಿ, 1942ರಲ್ಲಿ ಮೋಹನ್ ಬಗಾನ್ ಸೇರಿದ ಮೇಲೆ, 1960ರ ವರೆಗೂ ಬೇರೆ ತಂಡದ ಕಡೆಗೆ ಕಣ್ಣೆತ್ತಿ ನೋಡಲಿಲ್ಲ. ಎಡಬದಿಯ ಫುಲ್‌ಬ್ಯಾಕ್ ಅವರ ಸ್ಥಾನ. ಆ ಕಾಲದ ವ್ಯೂಹದಲ್ಲಿ ಗೋಲ್‌ಕೀಪರನ ಮುಂದೆ ಇದ್ದವರು ಇಬ್ಬರೇ ಫುಲ್‌ಬ್ಯಾಕರು. ಎದುರಿನಿಂದ ನುಗ್ಗಿಬರುವವರು ಐವರು. ಚೆಂಡು ಎತ್ತ ಬರುವುದೆಂಬುದನ್ನು ಮುಂಚಿತವಾಗಿಯೇ ಊಹಿಸದಿದ್ದರೆ ಅಲ್ಲಿ ಉಳಿಗಾಲವಿರಲಿಲ್ಲ. ಮನ್ನಾ ಅವರ ಖ್ಯಾತಿಗೆ ಈ ಊಹೆಯೂ, ಅವರ ಬಲವಾದ ಫ್ರೀಕಿಕ್ಕೂ ಕಾರಣವಾದವು.

ಅಂಥವರ ಕಾಲೂ ಒಮ್ಮೆ ತಪ್ಪಿತು. 1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತದ ತಂಡ ಫ್ರಾನ್ಸಿನೆದುರು ಇಲ್ಫರ್ಡ್ ಮೈದಾನಕ್ಕಿಳಿಯಿತು. ವೈದ್ಯವಿದ್ಯೆ ಕಲಿತಿದ್ದ ನಾಗಾ ತರುಣ ತಾಲಿಮೆರೆನ್ ಆವೊ ನಾಯಕರು. ನಮ್ಮವರಲ್ಲಿ ಬಹುಮಂದಿ ಬರಿಗಾಲಿನವರು. ಅಂದು ಭಾರತಕ್ಕೆ ಎರಡು ಪೆನಾಲ್ಟಿಗಳು ದೊರೆತವು. ಒಂದನ್ನು ಮನ್ನಾ, ಇನ್ನೊಂದನ್ನು ಮಹಾವೀರ ಪ್ರಸಾದ್ ವ್ಯರ್ಥಗೊಳಿಸಿದರು. ಫ್ರಾನ್ಸ್ ಮುಂದಿದ್ದಾಗ ಗೋಲು ಹೊಡೆದು ಸಮ ಮಾಡಿದವರು ಮೈಸೂರು ತಂಡದ ಸಾರಂಗಪಾಣಿ ರಾಮನ್. (ಕನ್ನಡದ ಮಕ್ಕಳು ಈ ಹೆಸರನ್ನು ಮರೆಯಬಾರದೆಂದು ನಮ್ಮ ಆಸೆ.) ಆಟ ಮುಗಿಯಲು ಒಂದೆರಡು ನಿಮಿಷವಿರುವಾಗ ಫ್ರಾನ್ಸ್ ಇನ್ನೊಂದು ಗೋಲು ಹೊಡೆದು 2-1ರಿಂದ ಗೆದ್ದಿತು. ಆ ಎರಡು ಒದೆತಗಳಲ್ಲಿ ಒಂದಾದರೂ ಬಲೆ ಸೇರಿದ್ದರೆ!

ಪೆನಾಲ್ಟಿ ತಪ್ಪಿದವನನ್ನು ಜನ ಸುಲಭವಾಗಿ ಕ್ಷಮಿಸುವುದಿಲ್ಲ. ಆದರೆ ಮನ್ನಾ ಅವರ ಪಾಲಿಗೆ ನಾಯಕತ್ವವೇ ಬಂದಿತು. 1951ರಲ್ಲಿ ದೆಹಲಿಯಲ್ಲಿ ನಡೆದ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ತಂಡವು ಇಂಡೋನೇಷ್ಯಾ, ಆಫ್ಘಾನಿಸ್ತಾನಗಳನ್ನು ಸೋಲಿಸಿ, ಅಂತಿಮ ಪಂದ್ಯದಲ್ಲಿ ಮೇವಾಲಾಲರ ಏಕೈಕ ಗೋಲಿನಿಂದ ಇರಾನನ್ನು ಮಣಿಸಿ ಸುವರ್ಣಪದಕವನ್ನು ಪಡೆಯಿತು. ಒಟ್ಟು ಮೂರು ಪಂದ್ಯಗಳಲ್ಲಿ ಎದುರಾಳಿಗಳಿಗೆ ಒಂದು ಗೋಲೂ ದಕ್ಕಲಿಲ್ಲ. ಫುಲ್‌ಬ್ಯಾಕನಿಗೆ ಇದಕ್ಕಿಂತ ಮಿಗಿಲಾದ ಪ್ರಶಸ್ತಿಯುಂಟೆ?

ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಅದೇ ನಾಯಕರ ಕಣ್ಣೆದುರು ಯುಗೊಸ್ಲಾವಿಯಾ ಹತ್ತು ಗೋಲು ಹೊಡೆಯಿತು. ಉತ್ತರದ ಚಳಿ, ಬರಿಯ ಕಾಲು, ಎದುರಿಗೆ ಬೂಟು ತೊಟ್ಟ ಪ್ರಬಲರು. ಭಾರತದ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಆ ಸೋಲಿನ ತರುವಾಯ ನಮ್ಮ ದೇಶದಲ್ಲಿ ಬೂಟು ಕಡ್ಡಾಯವಾಯಿತು.

ಮುಂಬಯಿಗೂ ಮೋಹನ್ ಬಗಾನಿಗೂ ಹಳೆಯ ಲೆಕ್ಕವೊಂದಿತ್ತು. 1923ರಲ್ಲಿ ರೋವರ್ಸ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಗೋರಾ ಸೈನಿಕರ ತಂಡಕ್ಕೆ ಸೋತಿದ್ದ ಆ ಸಂಸ್ಥೆ, ಮನ್ನಾ ಅವರ ಕಾಲದಲ್ಲಿ, 1955ರಲ್ಲಿ, ಮೊದಲ ಬಾರಿಗೆ ಆ ಕಪ್ಪನ್ನು ಗೆದ್ದಿತು. ರೋವರ್ಸ್ ಪಂದ್ಯಗಳಿಗೆ ಹೆಸರಾಗಿದ್ದ ಕೂಪರೇಜ್ ಮೈದಾನ ಮಂತ್ರಾಲಯದ ಸಮೀಪದಲ್ಲಿಯೇ ಇದೆ. ಠಾಣೆ, ಡೊಂಬಿವಲಿ, ಕಲ್ಯಾಣಗಳಿಂದ ಲೋಕಲ್ ರೈಲಿನಲ್ಲಿ ಬೋರಿಬಂದರಿಗೆ ಹೋಗುವ ನಮ್ಮ ವಿದ್ಯಾರ್ಥಿಗಳು ಸ್ವಲ್ಪ ನಡೆದರೆ ಅದನ್ನು ನೋಡಬಹುದು.

ಮನ್ನಾ ಅವರ ಜೀವನೋಪಾಯ ಆಟದಿಂದ ನಡೆದುದಲ್ಲ; ಅವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯಲ್ಲಿ ನೌಕರರಾಗಿದ್ದರು. 1971ರಲ್ಲಿ ಸರಕಾರವು ಪದ್ಮಶ್ರೀ ನೀಡಿ ಗೌರವಿಸಿತು. 2012ರ ಫೆಬ್ರವರಿ 27ರಂದು, ತಮ್ಮ 87ನೆಯ ವಯಸ್ಸಿನಲ್ಲಿ, ಅವರು ಕೊಲ್ಕತ್ತದಲ್ಲಿ ಕಾಲವಾದರು.